ಎರಡು ರೂಪಾಯಿಯ ಆರೋಪಿ

ಶಿವರಾತ್ರಿ ಹತ್ತಿರ ಬಂತೆಂದರೆ ಪತ್ರಿಕೆಗಳ ಒಳಪುಟದಲ್ಲಿ ನಮ್ಮ ಹಳೇ ಪರಿಚಯದವನೊಬ್ಬ ಕಾಣಿಸಿಕೊಳ್ಳುತ್ತಾನೆ. ಹೆಸರು ಕಿಡಿಗೇಡಿ. ತಂದೆಯ ಹೆಸರು, ವಯಸ್ಸು, ವಾಸ ಯಾವುದೂ ಗೊತ್ತಿಲ್ಲ. ಬಂಡೀಪುರದಲ್ಲಿ ಹೊಗೆ ಎದ್ದರೂ ಅವನೇ, ಮುಳ್ಳಯ್ಯನಗಿರಿಯ ಹುಲ್ಲುಗುಡ್ಡ ಕಪ್ಪಾದರೂ ಅವನೇ, ಜೋಯಿಡಾ ಕಡೆ ಬಿದಿರುಮೆಳೆ ಸಿಡಿದರೂ ಅವನೇ. ಒಂದೇ ಮಧ್ಯಾಹ್ನ ಮೂರು ಜಿಲ್ಲೆಗಳಲ್ಲಿ ಕೆಲಸ ಮುಗಿಸಿ ಸಂಜೆಯೊಳಗೆ ಮಾಯವಾಗುವ ಈ ಮನುಷ್ಯನಿಗೆ ಸರ್ಕಾರಿ ನೌಕರಿ ಕೊಟ್ಟಿದ್ದರೆ ಎಷ್ಟೋ ಕಡತಗಳು ಇಷ್ಟರಲ್ಲೇ ವಿಲೇವಾರಿ ಆಗಿರುತ್ತಿದ್ದವು. ‘ಕಿಡಿಗೇಡಿ’ ಎಂಬ ಮಾತಿನಲ್ಲೇ ಕಿಡಿ ಇರುವುದರಿಂದ ತನಿಖೆ ಅರ್ಧ ನಿಘಂಟಿನಲ್ಲೇ ಮುಗಿಯುತ್ತದೆ. ಉಳಿದರ್ಧ ಮಳೆ ಬಿದ್ದ ದಿನ ಮುಗಿಯುತ್ತದೆ.

ಅವನ ಆಯುಧದ ಬೆಲೆ ಎರಡು ರೂಪಾಯಿ. 2021ರ ಡಿಸೆಂಬರಿನವರೆಗೆ ಒಂದೇ ರೂಪಾಯಿ ಇತ್ತು. ಹದಿನಾಲ್ಕು ವರ್ಷ ಕದಲದೆ ಕೂತಿದ್ದ ಬೆಂಕಿಪೊಟ್ಟಣದ ಬೆಲೆ ಅವತ್ತು ಒಂದೇಟಿಗೆ ದುಪ್ಪಟ್ಟಾಯಿತು. ಅದರಿಂದ ಕಾಡಿನ ಬೆಂಕಿಯೇನೂ ಅರ್ಧಕ್ಕೆ ಇಳಿಯಲಿಲ್ಲ.

ಕಿಡಿಗೇಡಿ ಬರೀ ಕಟ್ಟುಕತೆ ಎಂದು ನಾನು ಹೇಳುತ್ತಿಲ್ಲ. ನಮ್ಮ ಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಅಪರೂಪ. ಬಹುಪಾಲು ಮನುಷ್ಯರ ಕೈಯದೇ. ಗಾಳಿಗೆ ಬಿದಿರಿಗೆ ಬಿದಿರು ಉಜ್ಜಿ ಕಾಡ್ಗಿಚ್ಚು ಏಳುತ್ತದೆಂದು ಮೇಷ್ಟ್ರು ಬರೆಸಿದ ಉತ್ತರ ನನಗೆ ಪರೀಕ್ಷೆಯಲ್ಲಿ ಎರಡು ಅಂಕ ಕೊಡಿಸಿದ್ದುಂಟು. ಅದನ್ನು ಕಣ್ಣಾರೆ ಕಂಡವರನ್ನು ಮಾತ್ರ ನಾನು ಇವತ್ತಿನವರೆಗೂ ಕಂಡಿಲ್ಲ. ಹಾಗಾಗಿ ಕಡ್ಡಿ ಗೀರಿದವನು ಇದ್ದಾನೆ, ಒಪ್ಪೋಣ. ನನ್ನ ತಕರಾರು ಬೇರೆ. ಹೊತ್ತಿಸಿದ್ದು ಯಾರು ಎಂದು ಕೇಳಿ ಸುಮ್ಮನಾಗುತ್ತೇವೆ. ಹೊತ್ತಿದ್ದು ಹತ್ತು ಸಾವಿರ ಎಕರೆ ಆದದ್ದು ಹೇಗೆ ಎಂದು ಕೇಳುವುದಿಲ್ಲ. ಮೊದಲ ಪ್ರಶ್ನೆಗೆ ಒಬ್ಬ ಕುರಿಗಾಹಿ ಸಾಕು. ಎರಡನೆಯದಕ್ಕೆ ಇಲಾಖೆಗಳು, ಕಾನೂನುಗಳು, ಕೊನೆಗೆ ಇಡೀ ಭೂಮಿಯ ಕಾವು, ಎಲ್ಲವನ್ನೂ ಕಟಕಟೆಗೆ ಕರೆಯಬೇಕಾಗುತ್ತದೆ. ಅಷ್ಟು ದೊಡ್ಡ ಕಟಕಟೆ ನಮ್ಮಲ್ಲಿಲ್ಲ.

ಈ ವಿಷಯದಲ್ಲಿ ನನ್ನ ಮೊದಲ ಗುರು ಅಜ್ಜಿ. ಪ್ರಯೋಗಶಾಲೆ, ಮಲೆನಾಡಿನ ನಮ್ಮ ಮನೆಯ ಬಚ್ಚಲ ಒಲೆ. ಹಂಡೆಗೆ ಬೆಂಕಿ ಹಾಕುವುದು ರಜೆಯಲ್ಲಿ ನನ್ನ ಪಾಲಿನ ಕೆಲಸ. ಆಷಾಢದಲ್ಲಿ ಒಂದು ಪೊಟ್ಟಣ ಕಡ್ಡಿ ಪೂರ್ತಿ ಗೀರಿದರೂ ಒಲೆಯಿಂದ ಬರುತ್ತಿದ್ದುದು ಹೊಗೆ, ಕಣ್ಣಿಂದ ಬರುತ್ತಿದ್ದುದು ನೀರು. ಅದೇ ಒಲೆ, ಅದೇ ಹುಡುಗ, ಅದೇ ಪೊಟ್ಟಣ: ಹೋಳಿ ಹುಣ್ಣಿಮೆಯ ಹೊತ್ತಿಗೆ ಒಂದೇ ಕಡ್ಡಿಗೆ ಭಗ್ಗೆನ್ನುತ್ತಿತ್ತು. ನಾನು ಎದೆಯುಬ್ಬಿಸಿದರೆ ಅಜ್ಜಿ ಹೇಳುತ್ತಿದ್ದಳು: “ಕಡ್ಡಿ ಗೀರೋದು ಕೋತಿಗೂ ಬರ್ತದೆ ಕಣೋ ಮಾಣಿ. ಸೌದೆ ನೋಡು, ಗಾಳಿ ನೋಡು.”

ಅಜ್ಜಿಯ ಸೌದೆಗೆ ಜಾತಿ ವ್ಯವಸ್ಥೆ ಇತ್ತು. ಮೊದಲು ಒಣ ಸೋಗೆಯ ಚೂರು, ಅದರ ಮೇಲೆ ಪುಳ್ಳೆ, ಆಮೇಲೆ ಕೈಗಾತ್ರದ ಸೌದೆ, ಕೊನೆಗೆ ಕೊರಡು. ಸೋಗೆ ಬೆಳಗಿನ ಮಂಜಿಗೆ ಮೆತ್ತಗಾದರೂ ಮಧ್ಯಾಹ್ನದ ಬಿಸಿಲಿಗೆ ಗರಿಗರಿ. ಕೊರಡಿಗೆ ಒಂದು ಬೇಸಿಗೆಯೇ ಬೇಕು. ಅಮೆರಿಕದ ಬೆಂಕಿ ವಿಜ್ಞಾನಿಗಳು ಕಾಡಿನ ಉರುವಲನ್ನು ವಿಂಗಡಿಸಿರುವುದೂ ಹೀಗೆಯೇ: ಗಾಳಿಯ ತೇವಕ್ಕೆ ಒಂದು ಗಂಟೆಯಲ್ಲಿ ಹೊಂದಿಕೊಳ್ಳುವ ಹುಲ್ಲು, ಹತ್ತು ಗಂಟೆಯ ಕಡ್ಡಿ, ನೂರು ಗಂಟೆಯ ಕೊಂಬೆ, ಸಾವಿರ ಗಂಟೆಯ ದಿಮ್ಮಿ. ನಾಲ್ಕೂ ಒಟ್ಟಿಗೆ ಒಣಗಿದ ವರ್ಷ ಕಾಡಿಗೆ ಕಾಡೇ ಒಲೆ. ಅಜ್ಜಿಗೆ ಗಂಟೆಯ ಲೆಕ್ಕ ಬರುತ್ತಿರಲಿಲ್ಲ. ಆದರೆ ಒಂದು ನಿಯಮ ಅವಳು ತಪ್ಪಿಸಿದ್ದಿಲ್ಲ: ಒಲೆಯ ಬಾಯಿ ಸುತ್ತ ಬಿದ್ದ ತರಗು, ಸಿಪ್ಪೆ, ಚೂರು ಎಲ್ಲ ಗುಡಿಸಿ ಒಳಗೆ ತಳ್ಳಿದ ಮೇಲೆಯೇ ಕಡ್ಡಿ ಮುಟ್ಟಬೇಕು. ಈ ಪೊರಕೆಯ ಮಾತು ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ಈಗ 2019ರ ಫೆಬ್ರವರಿಗೆ ಬನ್ನಿ. 23ನೇ ತಾರೀಖು ಬೆಂಗಳೂರಿನ ಯಲಹಂಕದಲ್ಲಿ ವೈಮಾನಿಕ ಪ್ರದರ್ಶನ. ಮೇಲೆ ಕೋಟಿಗಟ್ಟಲೆ ಬೆಲೆಯ ವಿಮಾನಗಳು ಪಲ್ಟಿ ಹೊಡೆಯುತ್ತಿವೆ, ಜನ ಕತ್ತೆತ್ತಿ ನೋಡುತ್ತಿದ್ದಾರೆ. ಕೆಳಗೆ ವಾಹನ ನಿಲುಗಡೆಯ ಬಯಲಿನಲ್ಲಿ ಮೊಣಕಾಲೆತ್ತರದ ಒಣ ಹುಲ್ಲು ಯಾರಿಗೂ ಕಾಣದೆ ನಿಂತಿದೆ. ಬೀಸುಗಾಳಿ ಬೇರೆ. ಎಲ್ಲೋ ಒಂದು ಕಿಡಿ, ಅಷ್ಟೇ. ಸುಮಾರು 300 ಕಾರುಗಳು ಸಾಲಾಗಿ ಸುಟ್ಟುಹೋದವು. ಸಿಗರೇಟಿನ ತುಂಡೋ, ಕಾದ ಸೈಲೆನ್ಸರೋ ಎಂಬ ಚರ್ಚೆ ಟಿವಿಯಲ್ಲಿ ವಾರ ನಡೆಯಿತು. ಹುಲ್ಲನ್ನು ಯಾರೂ ಸ್ಟುಡಿಯೋಗೆ ಕರೆಯಲಿಲ್ಲ.

ಅದೇ ದಿನಗಳಲ್ಲಿ, ಅದೇ ಬಿಸಿಲಿಗೆ, ಬಂಡೀಪುರ ಉರಿಯುತ್ತಿತ್ತು. ಗೋಪಾಲಸ್ವಾಮಿ ಬೆಟ್ಟದ ಕಡೆಯ ಇಳಿಜಾರುಗಳಲ್ಲಿ ಬೆಂಕಿ ರಸ್ತೆ ದಾಟಿತು, ಬೆಂಕಿರೇಖೆ ದಾಟಿತು. ಫೆಬ್ರವರಿ 21ರಿಂದ 25ರೊಳಗೆ ಸುಟ್ಟದ್ದು 10,920 ಎಕರೆ ಎಂದು ಹೈದರಾಬಾದಿನ ದೂರಸಂವೇದಿ ಕೇಂದ್ರ ಉಪಗ್ರಹದಿಂದ ಲೆಕ್ಕ ಹಾಕಿತು. 25ರಂದು ವಾಯುಪಡೆಯ ಹೆಲಿಕಾಪ್ಟರುಗಳು ದೊಡ್ಡ ಬಕೆಟ್ ತೂಗುಹಾಕಿಕೊಂಡು ಬಂದು ಮೇಲಿಂದ ನೀರು ಸುರಿದವು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಹಳೇ ಗಾದೆ. ನಾವು ಬಾವಿಯನ್ನೇ ಆಕಾಶದಲ್ಲಿ ತಂದೆವು. ಕೆಳಗೆ ಮಾತ್ರ ಎಂದಿನ ಫೈರ್ ವಾಚರುಗಳು, ಎಂದಿನ ಹಸಿ ಸೊಪ್ಪಿನ ಕೊಂಬೆ. ಎರಡು ವರ್ಷ ಹಿಂದೆ, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿ ಆರಿಸುತ್ತಲೇ ಅರಣ್ಯ ರಕ್ಷಕರೊಬ್ಬರು ಪ್ರಾಣ ಬಿಟ್ಟಿದ್ದರು. ಅವರ ಬಗ್ಗೆ ವ್ಯಂಗ್ಯ ಬರೆಯುವ ಲೇಖನಿ ನನ್ನಲ್ಲಿಲ್ಲ.

ಯಲಹಂಕದ ಹುಲ್ಲಿಗೂ ಬಂಡೀಪುರದ ಹುಲ್ಲಿಗೂ ಪರಿಚಯವಿರಲಿಲ್ಲ. ಎರಡಕ್ಕೂ ಇದ್ದುದು ಒಂದೇ ಗಾಳಿಯ ಪರಿಚಯ. ಮಾಳಿಗೆ ಮೇಲೆ ಸಂಡಿಗೆ ಇಡುವವರಿಗೆ ಈ ಗಾಳಿ ಚೆನ್ನಾಗಿ ಗೊತ್ತು. ಯಾವ ದಿನ ಸಂಡಿಗೆ ಮಧ್ಯಾಹ್ನದೊಳಗೆ ಬಟ್ಟೆ ಬಿಟ್ಟು ಏಳುತ್ತದೋ ಆ ದಿನವೇ ಗುಡ್ಡದ ಹುಲ್ಲೂ ಬೆಂಕಿಗೆ ಹದ. ಗಾಳಿಗೂ ಬಾಯಾರುತ್ತದೆ. ಒಂದು ಡಿಗ್ರಿ ಬಿಸಿ ಏರಿದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಕುಡಿಯಲು ಬೇರೇನೂ ಸಿಗದಿದ್ದರೆ ಎಲೆಯಿಂದ, ಕಡ್ಡಿಯಿಂದ, ಮಣ್ಣಿನಿಂದ ಹೀರುತ್ತದೆ. ಮೊದಲೆಲ್ಲ ರಾತ್ರಿಯ ತಂಪಿಗೆ ಬೆಂಕಿ ತಲೆ ತಗ್ಗಿಸುತ್ತಿತ್ತು, ಆರಿಸುವವರು ಆ ಹೊತ್ತಿಗೇ ಕಾಯುತ್ತಿದ್ದರು. ರಾತ್ರಿಗಳೂ ಕಾಯತೊಡಗಿದ ಮೇಲೆ ಬೆಂಕಿ ರಾತ್ರಿ ಪಾಳಿಯನ್ನೂ ಶುರುಮಾಡಿದೆ. ಓವರ್‌ಟೈಮ್ ಕೇಳುವುದಿಲ್ಲ, ಸಂಘ ಕಟ್ಟುವುದಿಲ್ಲ. ಇಂಥ ನೌಕರ ಯಾರಿಗೆ ಬೇಡ?

ಕಿಡಿಗೇಡಿಯೊಬ್ಬನನ್ನೇ ನೆಚ್ಚಿಕೊಂಡವರು ಓದಲೇಬೇಕಾದ ಪಾಠ ಲಾಸ್ ಏಂಜಲೀಸಿನದು. 2025ರ ಜನವರಿ 1ರಂದು, ಹೊಸ ವರ್ಷದ ನಡುರಾತ್ರಿ ಕಳೆದ ಮೇಲೆ, ಪೆಸಿಫಿಕ್ ಪ್ಯಾಲಿಸೇಡ್ಸ್ ಬೆಟ್ಟದ ಮೇಲೆ ಬೆಂಕಿ ಬಿತ್ತು. ಸುಟ್ಟದ್ದು ಎಂಟು ಎಕರೆ. ಅಗ್ನಿಶಾಮಕದವರು ಬಂದು ಆರಿಸಿ ಹೋದರು. ಆದರೆ ಆ ಬೆಂಕಿ ಗಿಡಗಳ ಬೇರಿನಲ್ಲಿ ಬೂದಿ ಹೊದ್ದು ಮಲಗಿತ್ತು, ಅದೇ ಆರು ದಿನ ಬಿಟ್ಟು ಎದ್ದಿತು ಎನ್ನುತ್ತಾರೆ ಅಲ್ಲಿನ ಸರ್ಕಾರಿ ವಕೀಲರು. ಜನವರಿ 7ರಂದು ಮರುಭೂಮಿಯ ಕಡೆಯಿಂದ ಸಾಂಟಾ ಅನಾ ಗಾಳಿ ಬೀಸಿತು, ಗಂಟೆಗೆ 130 ಕಿಲೋಮೀಟರ್ ಮೀರಿದ ರಭಸದಲ್ಲಿ. ಈ ಸಲ ಸುಟ್ಟದ್ದು 23 ಸಾವಿರ ಎಕರೆಗೂ ಹೆಚ್ಚು. ಅದೇ ದಿನ ನಗರದ ಇನ್ನೊಂದು ಬದಿಯ ಈಟನ್ ಕಣಿವೆಯಲ್ಲೂ ಇನ್ನೊಂದು ಬೆಂಕಿ ಎದ್ದು, ಎರಡೂ ಸೇರಿ 16 ಸಾವಿರಕ್ಕೂ ಹೆಚ್ಚು ಕಟ್ಟಡಗಳು ನೆಲಸಮವಾದವು.

ಆ ವರ್ಷದ ಅಕ್ಟೋಬರಿನಲ್ಲಿ ಒಬ್ಬನನ್ನು ಹಿಡಿದಿದ್ದಾರೆ. ಅವನು ತಪ್ಪು ಒಪ್ಪಿಲ್ಲ. ಅದು ನ್ಯಾಯಾಲಯಕ್ಕೆ ಬಿಟ್ಟ ಮಾತು. ಲೆಕ್ಕವನ್ನು ಮಾತ್ರ ನಾವೂ ನೋಡಬಹುದು. ವಕೀಲರ ಮಾತೇ ನಿಜವಾದರೂ ಕಿಡಿ ಒಂದೇ. ಜನವರಿ 1ರ ಗಾಳಿಗೆ ಅದು ಎಂಟು ಎಕರೆ, 7ರ ಗಾಳಿಗೆ 23 ಸಾವಿರ. ಎಂಟರ ಪಾಲನ್ನು ಬೇಕಾದರೆ ಮನುಷ್ಯನ ತಲೆಗೆ ಕಟ್ಟಿ. ಉಳಿದದ್ದು ಯಾರ ಖಾತೆಗೆ? ಗಾಳಿಗೆ ಕೋಳ ತೊಡಿಸುವ ಪೊಲೀಸರು ಹಾಲಿವುಡ್ಡಿನಲ್ಲೂ ಹುಟ್ಟಿಲ್ಲ.

ಇಲ್ಲಿ ಇನ್ನೊಬ್ಬ ಆರೋಪಿಯೂ ಇದ್ದಾನೆ, ಹೆಸರು ಹೇಳಿದರೆ ರೈತರು ನನ್ನನ್ನು ಬೈದಾರು: ಒಳ್ಳೇ ಮಳೆ. ಕ್ಯಾಲಿಫೋರ್ನಿಯಾದ ದಕ್ಷಿಣಕ್ಕೆ ಅದಕ್ಕೆ ಮುಂಚಿನ ಎರಡು ಚಳಿಗಾಲ ಭರ್ಜರಿ ಮಳೆಯಾಗಿತ್ತು. ಗುಡ್ಡವೆಲ್ಲ ಹಸಿರು, ಜನ ಫೋಟೋ ಹಾಕಿ ಸಂಭ್ರಮಿಸಿದರು. ಆಮೇಲೆ 2024ರ ಮೇ ತಿಂಗಳಿಂದ ಆ ಜನವರಿಯವರೆಗೆ ಲಾಸ್ ಏಂಜಲೀಸ್ ಪೇಟೆಯ ಮಳೆಮಾಪಕದಲ್ಲಿ ಬಿದ್ದದ್ದು ಒಟ್ಟು ನಾಲ್ಕು ಮಿಲಿಮೀಟರ್. ಹಸಿರಾಗಿದ್ದದ್ದೆಲ್ಲ ಉರುವಲಾಯಿತು. ಬರಗಾಲ ಒಂದೇ ಬಂದರೆ ಸುಡುವುದಕ್ಕೆ ಹುಲ್ಲೇ ಇರುವುದಿಲ್ಲ, ಮಳೆಗಾಲ ಒಂದೇ ಬಂದರೆ ಹುಲ್ಲು ಹೊತ್ತುವುದಿಲ್ಲ. ಮೊದಲು ಬೆಳೆಸಿ, ಆಮೇಲೆ ಒಣಗಿಸಿ, ಕೊನೆಗೆ ಗಾಳಿ ಬಿಡಬೇಕು. ಹವಾಮಾನ ಈಗ ಈ ಮೂರನ್ನೂ ಅದೇ ಕ್ರಮದಲ್ಲಿ, ಮೊದಲಿಗಿಂತ ಜೋರಾಗಿ ಮಾಡಿಕೊಡುತ್ತಿದೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಬೆಂಕಿಯಷ್ಟು ಶ್ರದ್ಧೆಯಿಂದ ಪಾಲಿಸಿದವರು ಯಾರೂ ಇಲ್ಲ.

ಕೆನಡಾದವರದು ಇನ್ನೊಂದು ಕಷ್ಟ. ಅಲ್ಲಿನ ದೊಡ್ಡ ಕಿಡಿಗೇಡಿ ಆಕಾಶದಲ್ಲಿ ವಾಸ, ಹೆಸರು ಸಿಡಿಲು. 2023ರಲ್ಲಿ ಅಲ್ಲಿ ಸುಮಾರು ಒಂದೂವರೆ ಕೋಟಿ ಹೆಕ್ಟೇರ್ ಕಾಡು ಸುಟ್ಟಿತು. ನಮ್ಮ ಇಡೀ ಕರ್ನಾಟಕವೇ 1.92 ಕೋಟಿ ಹೆಕ್ಟೇರ್. ಬೀದರಿನಿಂದ ಹೊರಟು ಉರಿಸುತ್ತ ಬಂದರೆ ಮುಕ್ಕಾಲು ರಾಜ್ಯ ಮುಗಿದ ಮೇಲೂ ಆ ಬೆಂಕಿ ಉಳಿದಿರುತ್ತದೆ. ಜೂನ್ ತಿಂಗಳಲ್ಲಿ ಅದರ ಹೊಗೆ ನ್ಯೂಯಾರ್ಕಿನ ಆಕಾಶವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿತು. ಕೆನಡಾದ ಬೆಂಕಿ ಆರಿಸುವವರ ಬಾಯಲ್ಲಿ ಒಂದು ಸೂತ್ರವಿದೆ: ಮೂವತ್ತು, ಮೂವತ್ತು, ಮೂವತ್ತು. ಬಿಸಿ 30 ಡಿಗ್ರಿ ದಾಟಿ, ತೇವಾಂಶ ಶೇ 30ಕ್ಕಿಂತ ಇಳಿದು, ಗಾಳಿ ಗಂಟೆಗೆ 30 ಕಿಲೋಮೀಟರ್ ಮೀರಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಈ ಸೂತ್ರದಲ್ಲಿ ಬೆಂಕಿಪೊಟ್ಟಣಕ್ಕೆ ಜಾಗವಿಲ್ಲ. ಉರಿ ಇನ್ನೂ ಬೆಳೆದರೆ ಅದು ಹವಾಮಾನಕ್ಕೆ ಕಾಯುವುದೂ ಇಲ್ಲ. ತನ್ನ ಬಿಸಿಯಿಂದಲೇ ಮೋಡ ಕಟ್ಟಿ, ಆ ಮೋಡದಿಂದಲೇ ಸಿಡಿಲು ಹೊಡೆಸಿ, ಮುಂದಿನ ಕಾಡಿಗೆ ತಾನೇ ಕಡ್ಡಿ ಗೀರುತ್ತದೆ.

ಸಿಡಿಲಿನ ಮೇಲೆ ಎಫ್‌ಐಆರ್ ಹಾಕಲಾಗದ ಸಂಕಟಕ್ಕೆ ಅಲ್ಲಿಯೂ ಜನ ಕಿಡಿಗೇಡಿಯನ್ನು ಹುಡುಕಿದರು. ಕ್ಯೂಬೆಕ್ ಪ್ರಾಂತ್ಯದ ಒಬ್ಬ, ಇದೆಲ್ಲ ಸರ್ಕಾರವೇ ಬೇಕೆಂದು ಹಚ್ಚಿಸಿದ ಬೆಂಕಿ ಎಂದು ಜಾಲತಾಣದಲ್ಲಿ ಬರೆದೇ ಬರೆದ. ಪೊಲೀಸರು ವಿಚಾರಿಸಿದಾಗ ಹದಿನಾಲ್ಕು ಬೆಂಕಿ ಹಚ್ಚಿದ್ದು ಅವನೇ ಎಂದು ಗೊತ್ತಾಗಿ, 2024ರ ಜನವರಿಯಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ತನ್ನ ಸಿದ್ಧಾಂತಕ್ಕೆ ಸಾಕ್ಷಿ ಸಾಲದಿದ್ದಾಗ ತಾನೇ ಸಾಕ್ಷಿ ತಯಾರಿಸುವಷ್ಟು ನಿಷ್ಠೆ ನಮ್ಮ ಟಿವಿ ಪಂಡಿತರಲ್ಲೂ ಕಾಣೆ.

ಆಸ್ಟ್ರೇಲಿಯಾದವರು ಕಿಡಿಗೇಡಿಯನ್ನು ಹುಡುಕುವ ಈ ವಿದ್ಯೆಯಲ್ಲಿ ನಮಗಿಂತ ಮುಂದು. ಅದೇ 2019, ಅಲ್ಲಿ ದಾಖಲೆಯಲ್ಲೇ ಅತಿ ಬಿಸಿಯ, ಅತಿ ಒಣ ವರ್ಷ. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಬದಿ ಬಿಸಿಯಾಗಿ ಪೂರ್ವ ಬದಿ ತಂಪಾಗಿ, ಮಳೆಯ ತಕ್ಕಡಿ ನಮ್ಮ ಕಡೆ ವಾಲಿತ್ತು. ನಮಗೆ ವಾಡಿಕೆಗಿಂತ ಶೇ 10ರಷ್ಟು ಹೆಚ್ಚು ಮುಂಗಾರು. ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ, ಕೊಡಗು ನೀರಲ್ಲಿ ಮುಳುಗಿದ್ದು ನೆನಪಿರಬೇಕು. ಅದೇ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಆಸ್ಟ್ರೇಲಿಯಾ ಖಾಲಿ ಕೂತಿತ್ತು. ಅಕ್ಟೋಬರ್ 26ರಂದು ಸಿಡ್ನಿಯ ವಾಯವ್ಯಕ್ಕೆ ಗಾಸ್ಪರ್ಸ್ ಬೆಟ್ಟದಲ್ಲಿ ಸಿಡಿಲು ಬಡಿದು ಹತ್ತಿಕೊಂಡ ಬೆಂಕಿ ಮುಂದಿನ ಫೆಬ್ರವರಿಯ ಮಳೆಯವರೆಗೂ ಆರಲಿಲ್ಲ. ಸುಟ್ಟದ್ದು ಐದು ಲಕ್ಷ ಹೆಕ್ಟೇರಿಗೂ ಹೆಚ್ಚು, ಅಂದರೆ ಇಡೀ ಮಂಡ್ಯ ಜಿಲ್ಲೆಯಷ್ಟು ನೆಲ. ಅದೂ ಒಂದೇ ಕಿಡಿಯಿಂದ ಹುಟ್ಟಿ ಬೆಳೆದದ್ದು.

ಅಲ್ಲಿಯ ಸುದ್ದಿ ಮಾತ್ರ ಬೇರೆ ದಾರಿ ಹಿಡಿಯಿತು. ನ್ಯೂ ಸೌತ್ ವೇಲ್ಸ್ ಪೊಲೀಸರು 183 ಜನರ ಮೇಲೆ ಕ್ರಮ ಕೈಗೊಂಡೆವು ಎಂದರು. ಅವರಲ್ಲಿ ಬೇಕೆಂದೇ ಬೆಂಕಿ ಹಚ್ಚಿದ ಆರೋಪ ಇದ್ದುದು 24 ಜನರ ಮೇಲೆ. ಉಳಿದವರು ನಿಷೇಧದ ದಿನ ಒಲೆ ಹೊತ್ತಿಸಿದವರು, ಸಿಗರೇಟು ಎಸೆದವರು, ಇಂಥವರು. ಜಾಲತಾಣಕ್ಕೆ ಬರುವಷ್ಟರಲ್ಲಿ 183 ಜನರೂ ಕಿಡಿಗೇಡಿಗಳಾಗಿ ಬಡ್ತಿ ಪಡೆದಿದ್ದರು. ಒಣಗಿದ ನೀಲಗಿರಿ ಕಾಡಿನಷ್ಟೇ ಸಲೀಸಾಗಿ ಸುದ್ದಿಯೂ ಹೊತ್ತುತ್ತದೆ.

ನೀಲಗಿರಿ ಎಂದೆನಲ್ಲ, ಆ ಮರದ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಅದರ ಎಲೆಯಲ್ಲಿ ಎಣ್ಣೆ; ನೆಗಡಿಗೆ ನಾವು ಮೂಗಿಗೆ ಹಚ್ಚಿಕೊಳ್ಳುವುದು ಅದನ್ನೇ. ತೊಗಟೆ ಪಟ್ಟಿಪಟ್ಟಿಯಾಗಿ ಸುಲಿದು ಕಾಂಡಕ್ಕೆ ಜೋತುಬೀಳುತ್ತದೆ. ಬೆಂಕಿ ಆ ಪಟ್ಟಿ ಹಿಡಿದು ನೆಲದಿಂದ ನೆತ್ತಿಗೆ ಏರುತ್ತದೆ. ಮೇಲಿನ ಗಾಳಿ ಉರಿಯುವ ತೊಗಟೆಯನ್ನು ಕಿಲೋಮೀಟರುಗಟ್ಟಲೆ ಹಾರಿಸಿ ಮುಂದಿನ ಗುಡ್ಡಕ್ಕೆ ಇಳಿಸುತ್ತದೆ. ಅಲ್ಲಿ ಕೆಳಗೆ ಪೊಲೀಸರು ಕಿಡಿಗೇಡಿಯನ್ನು ಹುಡುಕುತ್ತಿರುತ್ತಾರೆ. ಬೆಂಕಿ ಹೋದ ಮೇಲೆ ಅನೇಕ ನೀಲಗಿರಿಗಳು ಸುಟ್ಟ ಕಾಂಡದಿಂದಲೇ ಚಿಗುರುತ್ತವೆ, ಪಕ್ಕದ ಪ್ರತಿಸ್ಪರ್ಧಿಗಳು ಬೂದಿಯಾಗಿರುತ್ತವೆ. ಊರಿಗೆ ಬೆಂಕಿ ಇಟ್ಟು ತಾನು ಗೆದ್ದು ಬರುವ ರಾಜಕಾರಣ ಮರಗಳಿಗೂ ಗೊತ್ತಿದೆ. ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂತೆನ್ನುವ ಈ ಮರವನ್ನು ಆಮೇಲೆ ನಾವೇ ಬಯಲುಸೀಮೆಯ ಉದ್ದಗಲಕ್ಕೆ ನೆಟ್ಟೆವು. ಹೊಸದಾಗಿ ನೆಡಬಾರದೆಂದು ಸರ್ಕಾರಕ್ಕೆ ಹೊಳೆದದ್ದು 2017ರಲ್ಲಿ. ಎರಡು ಶತಮಾನ ಯೋಚಿಸಿ ತೆಗೆದುಕೊಂಡ ನಿರ್ಧಾರ. ಆತುರಪಟ್ಟರೆಂದು ಯಾರೂ ದೂರುವ ಹಾಗಿಲ್ಲ.

ಹವಾಯಿಯ ಕತೆ ಇದಕ್ಕಿಂತ ಸಣ್ಣದು, ಸಾವು ದೊಡ್ಡದು. ಕಬ್ಬಿನ ಕಾರ್ಖಾನೆಗಳು ಮುಚ್ಚಿದವು, ಹೊಲ ಪಾಳು ಬಿದ್ದವು, ಪಾಳು ನೆಲಕ್ಕೆ ಆಫ್ರಿಕಾದ ಗಿನಿ ಹುಲ್ಲು ನುಗ್ಗಿತು. ನಮ್ಮ ಹೈನುಗಾರರು ಹಸುವಿಗೆ ಕೊಯ್ದು ಹಾಕುತ್ತಾರಲ್ಲ, ಅದೇ ಗಿನಿ ಹುಲ್ಲು. ಇಲ್ಲಿ ಹಸು ತಿನ್ನುತ್ತದೆ. ಅಲ್ಲಿ ತಿನ್ನುವವರಿಲ್ಲದೆ ಆಳೆತ್ತರ ಬೆಳೆದು ಒಣಗಿ ನಿಂತಿತ್ತು. 2023ರ ಆಗಸ್ಟ್ 8ರಂದು, ದೂರದ ಸಮುದ್ರದಲ್ಲಿ ಚಂಡಮಾರುತವೊಂದು ಹಾದುಹೋಗುತ್ತಿದ್ದಾಗ, ಬೆಟ್ಟದಿಂದ ಇಳಿದ ಬಿರುಗಾಳಿ ಆ ಹುಲ್ಲಿನ ಬೆಂಕಿಯನ್ನು ಲಹೈನಾ ಪಟ್ಟಣದೊಳಗೆ ನುಗ್ಗಿಸಿತು. ನೂರಕ್ಕೂ ಹೆಚ್ಚು ಜನ ಸತ್ತರು. ನೂರು ಹಸು ಕಟ್ಟಿದ್ದರೆ ಏನಾಗುತ್ತಿತ್ತೋ ಎಂದು ಕೇಳಲು ಅಲ್ಲಿ ಯಾರಿಗೂ ಹೊಳೆದಿರಲಾರದು. ದನ ಮೇಯಿಸುವವರನ್ನು ಗುಡ್ಡದಿಂದ ಓಡಿಸುವ ನಮಗಂತೂ ಹೊಳೆಯುವುದಿಲ್ಲ.

ಸಸ್ಯದ ಮಾತು ದೊಡ್ಡವರ ಕಿವಿಗೆ ಬಿದ್ದದ್ದೇ ಇಲ್ಲ ಎನ್ನಲಾಗದು. 2018ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣ 85 ಜನರ ಜೊತೆ ಸುಟ್ಟಾಗ, ನೋಡಲು ಬಂದ ಅಧ್ಯಕ್ಷ ಟ್ರಂಪ್ ಫಿನ್ಲೆಂಡಿನವರು ಕಾಡನ್ನು ಕುಂಟೆ ಹಿಡಿದು ಬಾಚುತ್ತಾರೆಂದು ಅಲ್ಲಿನ ಅಧ್ಯಕ್ಷರೇ ಹೇಳಿದ್ದಾಗಿ ತಿಳಿಸಿದರು. ಹಾಗೆ ಹೇಳಿದ ನೆನಪು ನನಗಿಲ್ಲ ಎಂದರು ಫಿನ್ಲೆಂಡಿನ ಅಧ್ಯಕ್ಷರು. ನಗು ಬಿಡಿ, ಕೆಳಗಿನ ಕಸದ ಮಾತು ಅರ್ಧ ನಿಜ. ಆ ಕಸ ಕೂಡಿಟ್ಟದ್ದು ಯಾರು ಎಂಬ ಉಳಿದರ್ಧವನ್ನು ಅಮೆರಿಕದವರು ಮರೆತಿದ್ದಾರೆ. 1910ರ ಆಗಸ್ಟಿನಲ್ಲಿ ಎರಡೇ ದಿನದ ಬಿರುಗಾಳಿಗೆ ಅವರ 30 ಲಕ್ಷ ಎಕರೆ ಕಾಡು ಸುಟ್ಟಿತು. ಅದಕ್ಕೆ ಹೆದರಿ 1935ರಲ್ಲಿ ಆಜ್ಞೆ ಹೊರಟಿತು: ಯಾವ ಬೆಂಕಿಯೇ ಆಗಲಿ, ಕಂಡ ಮರುದಿನ ಬೆಳಿಗ್ಗೆ ಹತ್ತರೊಳಗೆ ಆರಬೇಕು. ಕಚೇರಿ ತೆರೆಯುವ ವೇಳೆಗೆ ಬೆಂಕಿ ಹಾಜರಿ ಹಾಕಿ ಹೋಗಬೇಕು! 1944ರಲ್ಲಿ ಟೋಪಿ ತೊಟ್ಟ ಕರಡಿಯೊಂದನ್ನು ಪೋಸ್ಟರಿಗೆ ಹತ್ತಿಸಿ, ಕೆಲವು ವರ್ಷ ಬಿಟ್ಟು, ಕಾಡ್ಗಿಚ್ಚು ತಡೆಯಬಲ್ಲವನು ನೀನೊಬ್ಬನೇ ಎಂದು ಮಕ್ಕಳತ್ತ ಬೆರಳು ತೋರಿಸಿದರು. ಕರಡಿಯೂ ಗಾಳಿಯ ಹೆಸರೆತ್ತಲಿಲ್ಲ, ತರಗಿನ ಹೆಸರೆತ್ತಲಿಲ್ಲ. ಸಣ್ಣ ಬೆಂಕಿಗಳೆಲ್ಲ ಆರಿದವು. ಅವು ತಿನ್ನಬೇಕಾಗಿದ್ದ ತರಗು, ಪೊದೆ, ಎಳೆ ಮರ ದಶಕಗಟ್ಟಲೆ ಪೇರಿಸಿಕೊಂಡು ದೊಡ್ಡ ಬೆಂಕಿಗೆ ಕಾದು ಕೂತವು.

ನಾವೇನು ಕಡಿಮೆಯೇ? ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ‘ತರಗು ಬೆಂಕಿ’ ಎಂಬ ಮಾತಿದೆ. ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ತಂಪು ಉಳಿದಿರುವಾಗ, ಉದುರಿದ ತರಗಿಗೆ ಅವರು ಬೆಂಕಿ ಕೊಡುತ್ತಿದ್ದರು. ಉರಿ ಮೊಣಕಾಲಿಗೂ ಬರುತ್ತಿರಲಿಲ್ಲ. ದೊಡ್ಡ ಮರದ ತೊಗಟೆಗೆ ಮಸಿ, ಅಷ್ಟೇ. ಓಡಾಡಲು ದಾರಿ, ಪ್ರಾಣಿಗಳಿಗೆ ಹೊಸ ಹುಲ್ಲು, ಅಗೆಯಲು ಗೆಡ್ಡೆ, ನೆಲ್ಲಿಮರಕ್ಕೆ ಹತ್ತುವ ಬಂದಳಿಕೆಗೂ ಕಡಿವಾಣ. ಇದು ಅಜ್ಜಿಯ ಪೊರಕೆ. ಒಲೆ ಸುತ್ತ ಗುಡಿಸುವ ಕೆಲಸವನ್ನು ಅವರು ಕಾಡಿನಷ್ಟು ಅಗಲಕ್ಕೆ ಮಾಡುತ್ತಿದ್ದರು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ತರಗು ಬೆಂಕಿ ಅಪರಾಧವಾಯಿತು. ಪೊರಕೆ ಹಿಡಿದವನ ಹೆಸರು ಕಿಡಿಗೇಡಿಗಳ ಪಟ್ಟಿಗೆ ಸೇರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾವು ಎತ್ತಿಗೆ ಜ್ವರವೇ ಬಾರದಂತೆ ನೋಡಿಕೊಂಡವನಿಗೇ ಬರೆ ಎಳೆದೆವು.

ಗುಡಿಸದೆ ಬಿಟ್ಟ ಮನೆಗೆ ಹೊಸ ಬಾಡಿಗೆದಾರ ಬಂದ: ಲಂಟಾನ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಚಂದಕ್ಕೆಂದು ತರಿಸಿದ ಗಿಡ. ಚಂದವೂ ಹೌದು, ಅದರ ಕಪ್ಪು ಹಣ್ಣು ತಿಂದು ನಾಲಿಗೆ ತೋರಿಸಿಕೊಳ್ಳದ ಹಳ್ಳಿ ಮಕ್ಕಳು ಕಡಿಮೆ. ಇವತ್ತು ದೇಶದ ಹುಲಿ ಕಾಡುಗಳ ಸುಮಾರು ಶೇ 40ರಲ್ಲಿ ಅದರದೇ ದರಬಾರು. ಒಂದಕ್ಕೊಂದು ಹೆಣೆದುಕೊಂಡು ಆಳೆತ್ತರ ಮೀರಿ ಬೆಳೆದು, ಕೆಳಗೆ ಹುಲ್ಲು ಏಳಗೊಡದೆ, ಬೇಸಿಗೆಗೆ ಕಡ್ಡಿ ಕಡ್ಡಿಯಾಗಿ ಒಣಗಿ ನಿಲ್ಲುತ್ತದೆ. ಮೊಣಕಾಲಿನ ಉರಿಗೆ ಅದೇ ಏಣಿ. ಅದನ್ನು ಹತ್ತಿ ಬೆಂಕಿ ಮರದ ತಲೆಗೆ ಹೋಗುತ್ತದೆ. ತರಗು ಬೆಂಕಿ ನಿಂತದ್ದೇ ಲಂಟಾನ ಹಬ್ಬಲು ಕಾರಣ ಎನ್ನುತ್ತಾರೆ ಸೋಲಿಗ ಹಿರಿಯರು. ಸಂಶೋಧಕರು ಅದನ್ನು ದಾಖಲಿಸಿಕೊಂಡಿದ್ದಾರೆ. ಅದೊಂದೇ ಕಾರಣ ಆಗಿರಲಾರದು. ಲಂಟಾನ ತುಂಬಿದ ಕಾಡಿಗೆ ಈಗ ಹೋಗಿ ತರಗು ಬೆಂಕಿ ಕೊಟ್ಟರೆ ಅದು ತರಗಿನಲ್ಲಿ ನಿಲ್ಲುವುದೂ ಇಲ್ಲ. ಮೊದಲು ಕೀಳಬೇಕು, ಬುಡಸಮೇತ. ಅದು ಕೂಲಿ ಕೇಳುವ, ಬೆನ್ನು ಬಗ್ಗಿಸುವ, ವರ್ಷ ವರ್ಷ ಮಾಡಬೇಕಾದ ಕೆಲಸ. ಹೆಲಿಕಾಪ್ಟರಿನ ಹಾಗೆ ಟಿವಿಯಲ್ಲಿ ಚೆನ್ನಾಗಿ ಕಾಣುವುದಿಲ್ಲ.

ಕಿತ್ತವರೂ ಇದ್ದಾರೆನ್ನಿ. ಬಂಡೀಪುರದ ಪಕ್ಕದ ಗೂಡಲೂರು ಕಡೆಯ ಆದಿವಾಸಿಗಳು ಲಂಟಾನದ ಕಡ್ಡಿಯಲ್ಲಿ ನಿಜ ಗಾತ್ರದ ಆನೆಗಳನ್ನು ಹೆಣೆದರು. ಆ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು, 2024ರಲ್ಲಿ ಅಮೆರಿಕಕ್ಕೂ ಹೊರಟವು. ಲಂಟಾನದ ಆನೆಗೆ ವಿದೇಶ ಪ್ರವಾಸ. ಜೀವ ಇರುವ ಆನೆ ಮಾತ್ರ ಹುಲ್ಲು ಸಿಗದೆ ಗುಂಡ್ಲುಪೇಟೆಯ ಜೋಳದ ಹೊಲಕ್ಕೆ ಬರುತ್ತದೆ, ಬಂದರೆ ಪಟಾಕಿ.

ಒಟ್ಟು ಲೆಕ್ಕ ಇಷ್ಟು. ಗಾಳಿ ಯಾವಾಗ ಒಣಗುತ್ತದೆಂದು ಹವಾಮಾನ ಇಲಾಖೆ ಮೊದಲೇ ಹೇಳುತ್ತದೆ. ಲಂಟಾನ ಎಲ್ಲಿದೆಯೆಂದು ನಕ್ಷೆಯೇ ಇದೆ. ಉರಿ ಕಂಡ ಕೂಡಲೇ ಉಪಗ್ರಹ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಗಾಳಿ, ಲಂಟಾನ, ಕಿಡಿಗೇಡಿ ಎಂಬ ಮೂವರು ಆರೋಪಿಗಳಲ್ಲಿ ಮೊದಲ ಇಬ್ಬರ ವಿಳಾಸ, ಬರುವ ದಿನ, ಬರುವ ದಾರಿ ಎಲ್ಲ ನಮ್ಮ ಕೈಯಲ್ಲಿದೆ. ವಿಳಾಸವಿಲ್ಲದ ಮೂರನೆಯವನನ್ನು ಮಾತ್ರ ನಾವು ಹುಡುಕುತ್ತೇವೆ, ಏಕೆಂದರೆ ಅವನು ಸಿಗದಿದ್ದರೆ ಯಾರಿಗೂ ನಷ್ಟವಿಲ್ಲ.

ಬೆಂಕಿಪೊಟ್ಟಣ ಕಸಿದುಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ, ಹಚ್ಚಿದವನಿಗೆ ಶಿಕ್ಷೆಯಾಗಲಿ. ಆದರೆ ಈ ಸಲ ಪತ್ರಿಕೆಯಲ್ಲಿ ‘ಕಿಡಿಗೇಡಿಗಳ ಕೃತ್ಯ’ ಎಂದು ಓದಿದ ಕೂಡಲೇ ಪುಟ ಮಗುಚಬೇಡಿ. ಅವತ್ತಿನ ತೇವಾಂಶ ಎಷ್ಟಿತ್ತು, ಗಾಳಿ ಎಷ್ಟಿತ್ತು, ಆ ವಲಯದಲ್ಲಿ ಲಂಟಾನ ಕಿತ್ತು ಎಷ್ಟು ವರ್ಷವಾಯಿತು, ಫೈರ್ ವಾಚರುಗಳಿಗೆ ಕೂಲಿ ಮುಟ್ಟಿದೆಯೇ ಎಂದು ಕೇಳಿ. ಮಾರ್ಚಿನಲ್ಲಲ್ಲ, ಡಿಸೆಂಬರಿನಲ್ಲೇ ಕೇಳಿ. ಹೆಲಿಕಾಪ್ಟರ್ ವಾಪಸು ಹೋಗುತ್ತದೆ, ಕಿಡಿಗೇಡಿಯ ಕಡತ ಮುಚ್ಚುತ್ತದೆ. ಲಂಟಾನ ಮಾತ್ರ ಮೊದಲ ಮಳೆಗೇ ಸುಟ್ಟ ಬುಡದಿಂದ ಚಿಗುರುತ್ತದೆ.